ಹೆನಿಂಗ್ ಹೇಳಿದ ಸಾಕ್ಷಿ

ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ನೆಕ್ಕರ್ ನದಿಯಾಚೆ ವೀಬ್ಕೆ ಹಾರ್ನಿಷಳ ಸಣ್ಣ ಕಾರ್ಖಾನೆ; ನಾನು ಅಲ್ಲಿನ ಕೆಲಸಗಾರ. ಕಾಲು ಕಳೆದುಕೊಂಡ ಪುಟ್ಟ ಮಕ್ಕಳ ಕೃತಕ ಕಾಲಿಗೆ ಮಂಡಿಯ ಕೀಲು ಮಾಡುವುದು ನಮ್ಮ ಕಸುಬು. ಓಡುವಾಗ ಮಡಚಿಕೊಂಡು, ನಿಂತಾಗ ತಾನೇ ಬಿಗಿಯಾಗುವ ಆ ಕೀಲನ್ನು ವೀಬ್ಕೆ ಮತ್ತು ಅವಳ ಗೆಳೆಯ ಹೆನಿಂಗ್ ಜೊತೆಯಾಗಿಯೇ ರೂಪಿಸಿದ್ದರು. ಪೇಟೆಂಟ್ ಮಾತ್ರ ಹೆನಿಂಗ್ ಹೆಸರಿನಲ್ಲಿತ್ತು. ಅರ್ಜಿ ಹಾಕುವಾಗ ವೀಬ್ಕೆ ತಾಯಿಯ ಆಸ್ಪತ್ರೆ ಓಡಾಟದಲ್ಲಿದ್ದಳು; ಯಾರ ಹೆಸರಾದರೇನು ಎಂದು ಬಿಟ್ಟಿದ್ದಳು. ಆಮೇಲೆ ಹೆನಿಂಗ್ ತನ್ನದೇ ಬೇರೆ ಕಂಪನಿ ಶುರುಮಾಡಿದರೂ ಸ್ನೇಹ ಹಾಗೇ ಇತ್ತು; ನಾವು ಆ ಕೀಲು ಮಾಡುವುದಕ್ಕೆ ಅವನ ಅಡ್ಡಿಯಿರಲಿಲ್ಲ.

ಏನನ್ನೂ ತಯಾರಿಸದೆ, ಪೇಟೆಂಟ್ ಕೊಂಡು ದಾವೆ ಹೂಡುವುದನ್ನೇ ದಂಧೆ ಮಾಡಿಕೊಂಡ ಕಂಪನಿಗಳು ಆಗ ಸಣ್ಣ ಕಾರ್ಖಾನೆಗಳ ಬೆನ್ನು ಹತ್ತಿದ್ದವು. ಉಲ್ಲಂಘನೆ ಎಂದು ಕೋರ್ಟು ಹೇಳಿದರೆ ತಯಾರಿಕೆ ನಿಂತಂತೆಯೇ. ಪೇಟೆಂಟೇ ಸರಿಯೋ ತಪ್ಪೋ ಎಂಬುದನ್ನು ಮ್ಯೂನಿಕ್‌ನ ಬೇರೆ ಕೋರ್ಟು ನಿಧಾನವಾಗಿ ನೋಡುತ್ತಿತ್ತು. ನಿಷೇಧದಿಂದ ಜನರಿಗಾಗುವ ಕಷ್ಟವನ್ನೂ ನ್ಯಾಯಾಧೀಶರು ತೂಗಿ ನೋಡುವಂತೆ ಕಾನೂನು ಬದಲಾಗಬೇಕೆಂದು ವೀಬ್ಕೆ, ಹೆನಿಂಗ್ ಇಬ್ಬರೂ ರಾಜಧಾನಿ ಬರ್ಲಿನ್‌ಗೆ ಅಲೆದರು. ಅಲ್ಲಿ ಅವನ ಭಾಷಣ ಕೇಳಿ ನಾನೂ ಚಪ್ಪಾಳೆ ತಟ್ಟಿದ್ದೆ. ಕೊನೆಗೆ ತಿದ್ದುಪಡಿ ಬಂತು.

ಮುಂದಿನ ಚಳಿಗಾಲದಲ್ಲಿ ನಮ್ಮ ಮೇಲೆಯೇ ದಾವೆ ಬಿತ್ತು. ಹೂಡಿದ್ದು ಅಂಥದೇ ಒಂದು ಕಂಪನಿ. ಅವರ ಕೈಲಿದ್ದದ್ದು ನಮ್ಮ ಕೀಲಿನದೇ ಪೇಟೆಂಟ್. ಹೆನಿಂಗ್ ಮಾರಿಬಿಟ್ಟಿದ್ದ. ವೀಬ್ಕೆ ಮತ್ತೆ ಮತ್ತೆ ಫೋನ್ ಮಾಡಿದಳು, ಅವನು ಎತ್ತಲಿಲ್ಲ.

ನಮ್ಮ ವಕೀಲರು ಹೊಸ ತಿದ್ದುಪಡಿಯನ್ನೇ ಹಿಡಿದರು. ಈ ಕೀಲಿನ ತಯಾರಿಕೆ ನಿಂತರೆ ಅಷ್ಟು ಚಿಕ್ಕ ಮಕ್ಕಳಿಗೆ ಬೇರೆ ಗತಿಯಿಲ್ಲ ಎಂದು ವಾದಿಸಿದರು. ಎದುರಿನವರು ಸಾಕ್ಷಿಯನ್ನು ಕರೆದರು. ಬಂದವನು ಹೆನಿಂಗ್. ಬೇರೆ ಕೀಲುಗಳೂ ಆ ಮಕ್ಕಳಿಗೆ ಹೊಂದುತ್ತವೆ ಎಂದು ತಣ್ಣಗೆ ಹೇಳಿದ. ಅವು ಹೊಂದದೆ ಅಳುತ್ತಿದ್ದ ಮಕ್ಕಳನ್ನು ಕಂಡೇ ಅವನೂ ವೀಬ್ಕೆಯೂ ಈ ಕೆಲಸಕ್ಕೆ ಇಳಿದದ್ದು. ಆದರೆ ಅದು ಕೀಲು ರೂಪಿಸಿದವನ ಮಾತು. ವಕೀಲರು ಎಷ್ಟು ಜಗ್ಗಿದರೂ ಅದೇ ನಿಂತಿತು.

ಹೊರಗೆ ಕಾರಿಡಾರಿನಲ್ಲಿ ಹೆನಿಂಗನೇ ವೀಬ್ಕೆಯ ಹತ್ತಿರ ಬಂದ.

"ನನ್ನ ಕಂಪನಿ ಮುಳುಗ್ತಾ ಇತ್ತು ಕಣೆ. ಅವರು ನಿನ್ನ ಮೇಲೇ ಬರ್ತಾರೆ ಅಂತ ನಂಗೇನು ಗೊತ್ತು?"

"ಮತ್ಯಾರ ಮೇಲೆ ಬರ್ತಾರೆ? ಆ ಕೀಲು ಮಾಡೋರು ಇನ್ಯಾರಿದಾರೆ?" ಎಂದಳು ವೀಬ್ಕೆ. ಆಮೇಲೆ ದನಿ ತಗ್ಗಿಸಿ, "ಮಾರಿದ್ದು ಬಿಡು. ಮಕ್ಕಳಿಗೆ ಬೇರೇದು ಹೊಂದತ್ತೆ ಅಂದ್ಯಲ್ಲ. ಹಾಗನ್ನೋವಾಗ ನನ್ನ ಮುಖ ನೋಡೋಕೂ ಆಗ್ಲಿಲ್ಲ ನಿಂಗೆ" ಎಂದಳು.

ನಿಷೇಧ ಬಂತು. ಮಕ್ಕಳು ಈಗಾಗಲೇ ಹಾಕಿಕೊಂಡಿದ್ದ ಕೀಲುಗಳ ರಿಪೇರಿಗೆ ಮಾತ್ರ ಕೋರ್ಟು ಬಿಟ್ಟಿತು. ಉಳಿದ ಕೆಲಸಗಾರರೆಲ್ಲ ಬೇರೆ ಕಡೆ ಸೇರಿಕೊಂಡರು. ವೀಬ್ಕೆಯ ಜೊತೆ ನಾನೊಬ್ಬ ಉಳಿದೆ. ಮಗು ಬೆಳೆದಿದೆ, ದೊಡ್ಡ ಅಳತೆಯದು ಬೇಕು ಎಂದು ಬಂದ ತಾಯಂದಿರಿಗೆ ಇಲ್ಲವೆಂದು ಹೇಳುವ ಕೆಲಸವನ್ನು ಅವಳು ನನಗೆ ಬಿಡದೆ ತಾನೇ ಮಾಡಿದಳು.

ಮರುವರ್ಷ ನಾವು ಹಾಕಿದ್ದ ಅರ್ಜಿಯ ಮೇಲೆ ಮ್ಯೂನಿಕ್ ಕೋರ್ಟು ಪೇಟೆಂಟನ್ನೇ ರದ್ದು ಮಾಡಿತು. ಬಹಳ ಹಿಂದೆಯೇ ಸ್ವಿಟ್ಜರ್ಲೆಂಡಿನಲ್ಲಿ ಯಾರೋ ಅಂಥದೇ ಕೀಲು ಮಾಡಿದ್ದರಂತೆ; ಹಾಗಾಗಿ ಅದು ಹೊಸದಲ್ಲ ಎಂದಿತು, ನಿಷೇಧವೂ ಹೋಯಿತು. ಅಂದೇ ಹೆನಿಂಗ್ ಫೋನ್ ಮಾಡಿದ. ಖುಷಿಯಾಯಿತು, ಬೇಕಾದರೆ ಬಂದು ಕೈಜೋಡಿಸುತ್ತೇನೆ ಎಂದ. ವೀಬ್ಕೆ ಪೂರ್ತಿ ಕೇಳಿಸಿಕೊಂಡಳು.

"ಬೇಡ ಹೆನಿಂಗ್. ಈ ಕಡೆ ಬರ್ಬೇಡ ನೀನು."

ಫೋನ್ ಇಟ್ಟು, ಮುಖ ತೊಳೆದು ಬಂದು, ಹಳಬರಲ್ಲಿ ಯಾರು ವಾಪಸ್ ಬರಬಹುದೆಂದು ನನ್ನನ್ನು ಕೇಳಿದಳು. ಇಬ್ಬರು ಬಂದರು.