ಗೀರಿಲ್ಲದ ಗಾಜು

ಊರಿನ ಸೇವಾ ಕ್ಲಬ್ಬಿನಲ್ಲಿ ಎಲ್ಲರೂ ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಬೆಳಕು, ಮಸೂರ, ಪ್ರತಿಬಿಂಬ ಅವಳ ಅಚ್ಚುಮೆಚ್ಚಿನ ಪಾಠಗಳು. ಹಾಗಾಗಿ ಹೊರದೇಶದ ಒಂದು ಊರಿನಲ್ಲಿ ಹಳೆಯ ಕನ್ನಡಕ ಹಂಚುವ ಶಿಬಿರ ಮಾಡೋಣವೆಂದು ಕ್ಲಬ್ಬು ತೀರ್ಮಾನಿಸಿದಾಗ ಕೆಲಸ ತಾನಾಗಿಯೇ ಅವಳ ಮನೆಬಾಗಿಲಿಗೆ ಬಂತು. ಜನ ಕೊಟ್ಟ ಕನ್ನಡಕಗಳನ್ನೆಲ್ಲ ಅವಳು ಒಂದೊಂದಾಗಿ ಸೋಪಿನ ನೀರಲ್ಲಿ ತೊಳೆದು, ದೀಪದ ಕೆಳಗೆ ಹಿಡಿದು ನೋಡಿ, ಪವರ್ ಅಳೆದು, ಚೀಟಿ ಅಂಟಿಸಿ ಪೆಟ್ಟಿಗೆಗೆ ತುಂಬಿದ್ದಳು. ಗೀರು ಬಿದ್ದ ಗಾಜು, ಸಡಿಲವಾದ ಕಡ್ಡಿ ಯಾವುದೂ ಅವಳ ಕಣ್ಣು ತಪ್ಪಿಸಿ ಒಳಗೆ ಸೇರುವಂತಿರಲಿಲ್ಲ.

‘ಮೇಡಂ ಕೈಯಲ್ಲಿ ಪಾಸಾಗೋದು ಅಂದ್ರೆ ಹುಡುಗಾಟ ಅಲ್ಲ’ ಎಂದು ಅಧ್ಯಕ್ಷರು ನಗುತ್ತಿದ್ದರು. ‘ಹುಡುಗರಾದ್ರೂ ಅಷ್ಟೇ, ಕನ್ನಡಕ ಆದ್ರೂ ಅಷ್ಟೇ.’

ಶಿಬಿರ ಏರ್ಪಾಡಾಗಿದ್ದದ್ದು ಒಂದು ಶಾಲೆಯ ಊಟದ ಕೋಣೆಯಲ್ಲಿ. ಉದ್ದನೆಯ ಮೇಜುಗಳ ಮೇಲೆ ಕನ್ನಡಕಗಳು ಸಾಲಾಗಿ ಮಲಗಿದ್ದವು. ಮೊದಲ ದಿನ ಎಲ್ಲರೂ ಕಾಯುತ್ತಿದ್ದದ್ದು ಒಬ್ಬ ಹೊಲಿಗೆಯಾಕೆಗಾಗಿ. ಅಲ್ಲಿಯ ಕ್ಲಬ್ಬಿನವರು ಆಕೆಯ ಫೋಟೊ ಮೊದಲೇ ಕಳಿಸಿದ್ದರು. ವಯಸ್ಸಾದಾಕೆ. ಹಿಂದೆ ಯಾವಾಗಲೋ ಕಣ್ಣಿನ ಪೊರೆ ತೆಗೆಸಿಕೊಂಡದ್ದು, ಒಳಗೆ ಲೆನ್ಸು ಕೂರಿಸದ ಹಳೆಯ ಕಾಲದ ಆಪರೇಷನ್. ಹಾಕುತ್ತಿದ್ದ ದಪ್ಪ ಗಾಜಿನ ಕನ್ನಡಕ ಒಡೆದುಹೋಗಿ ಹೊಲಿಗೆ ನಿಂತಿದೆ, ಅಂಥದ್ದೊಂದು ಸಿಕ್ಕೀತೇ ಎಂದು ಕೇಳಿದ್ದರು. ಅಂಥ ಸೋಡಾಬುಡ್ಡಿ ಗಾಜು ಈಗ ಎಲ್ಲಿ ಸಿಗಬೇಕು? ಸಭೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಆಗ ಮೇಡಂ ಎದ್ದು ನಿಂತಿದ್ದಳು.

‘ನಮ್ಮತ್ತೇದು ಅಂಥದ್ದೇ. ಅವರಿಗೆ ಹೊಸದು ಬರ್ತಾ ಇದೆ. ಹಳೇದನ್ನ ನಾನು ತರ್ತೀನಿ.’

ಚಪ್ಪಾಳೆ ಬಿದ್ದಿತ್ತು. ಅತ್ತೆಯನ್ನು ಅವಳು ಕೇಳಿರಲಿಲ್ಲ. ಹೊರಡುವ ದಿನ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಕೋಣೆಗೆ ಹೋದಳು. ಮೇಜಿನ ಮೇಲೆ ಕನ್ನಡಕದ ಅಂಗಡಿಯ ಹೊಸ ಡಬ್ಬಿ ಇತ್ತು. ಹೊಸದು ಅದರೊಳಗಿದೆ ಎಂದುಕೊಂಡು, ಖಾನೆಯಲ್ಲಿದ್ದ ಹಳೆಯ ಕಂದು ಫ್ರೇಮಿನದನ್ನು ಎತ್ತಿಕೊಂಡಳು. ಡಬ್ಬಿಯ ಮುಚ್ಚಳ ತೆರೆದು ನೋಡಲಿಲ್ಲ.

ಈಗ ಆ ಕಂದು ಫ್ರೇಮನ್ನು ಅವಳೇ ಹೊಲಿಗೆಯಾಕೆಯ ಮೂಗಿನ ಮೇಲೆ ಕೂರಿಸಿದಳು. ಆಕೆ ಮೊದಲು ತನ್ನ ಅಂಗೈ ನೋಡಿಕೊಂಡರು, ಆಮೇಲೆ ಕಿಟಕಿ, ಆಮೇಲೆ ಅವಳನ್ನು. ಏನೋ ಹೇಳಿದರು. ಕ್ಲಬ್ಬಿನವರೇ ಆದ, ಎರಡೂ ಭಾಷೆ ಬಲ್ಲ ಹಲ್ಲಿನ ಡಾಕ್ಟರು ನಗು ತಡೆದುಕೊಂಡು, ‘ನಿಮ್ಮ ಕೋಟಿನ ಬ್ಯಾಡ್ಜನ್ನ ಸೊಟ್ಟಗೆ ಹೊಲಿದಿದಾರೆ, ಅಂತಿದಾರೆ’ ಎಂದರು.

ಇಡೀ ಕೋಣೆಯೇ ನಕ್ಕಿತು. ಕ್ಲಬ್ಬಿನ ಕೋಟು, ಕ್ಲಬ್ಬಿನ ಬ್ಯಾಡ್ಜು. ಎಲ್ಲರೂ ತಮ್ಮ ತಮ್ಮ ಎದೆ ನೋಡಿಕೊಂಡರು. ಅಧ್ಯಕ್ಷರು ಫೋಟೊ ತೆಗೆದರು. ಅವಳಿಗೆ ಮಾತ್ರ ನಗು ತಡವಾಗಿ ಬಂತು. ಕಿಟಕಿಯ ಬೆಳಕು ಆ ದಪ್ಪ ಗಾಜಿನ ಮೇಲೆ ನೇರವಾಗಿ ಬಿದ್ದಿತ್ತು. ಅದರಲ್ಲಿ ಒಂದು ಗೀರೂ ಇರಲಿಲ್ಲ.

ಇದನ್ನು ಅವಳು ನೋಡಿದ್ದು ಇದೇ ಮೊದಲಲ್ಲ. ಮನೆಯಲ್ಲಿ, ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿ, ದೀಪದ ಕೆಳಗೂ ನೋಡಿದ್ದಳು. ಕೈಗೆ ಸಿಕ್ಕ ಬಟ್ಟೆಯಲ್ಲಿ ಕನ್ನಡಕ ಒರೆಸಿ, ಎಲ್ಲೆಂದರಲ್ಲಿ ಗಾಜು ಕೆಳಮುಖ ಮಾಡಿ ಇಡುವ ಅತ್ತೆಯದು ಇಷ್ಟು ನುಣುಪಾಗಿ ಉಳಿದದ್ದು ಹೇಗೆ ಎಂಬ ಪ್ರಶ್ನೆ ಬಂದಿತ್ತು. ಪವರ್ ಕೂಡ ಅವಳಿಗೆ ನೆನಪಿದ್ದದ್ದಕ್ಕಿಂತ ತುಸು ಬೇರೆಯಿತ್ತು. ‘ಪರವಾಗಿಲ್ಲ, ಜೋಪಾನವಾಗಿಟ್ಟಿದಾರೆ’ ಎಂದು ತನಗೆ ತಾನೇ ಹೇಳಿಕೊಂಡು ಚೀಟಿ ಅಂಟಿಸಿದ್ದಳು. ಲೆಕ್ಕಕ್ಕೆ ಹೊಂದದ ರೀಡಿಂಗನ್ನು ಹೊಡೆದುಹಾಕಬೇಡಿ, ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತಿರುವುದು ಅದೊಂದೇ ಎಂದು ಪ್ರಯೋಗಾಲಯದಲ್ಲಿ ಎಷ್ಟು ಹುಡುಗರ ಕಿವಿ ಹಿಂಡಿದ್ದಳೋ.

ಸಂಜೆ ವಸತಿಗೃಹದ ಕೋಣೆಗೆ ಬಂದಾಗ ಗಂಡನ ಫೋನು ಬಂತು.

‘ಎಲ್ಲಾ ಚೆನ್ನಾಗಿ ನಡೀತಾ?’

‘ಹ್ಞೂಂ. ಅತ್ತೆ ಹೇಗಿದಾರೆ?’

‘ಅದನ್ನೇ ಹೇಳೋಣ ಅಂತ ಮಾಡ್ದೆ. ನೀನು ಹೊರಟ ದಿನದಿಂದ ಕನ್ನಡಕ ಕಳ್ಕೊಂಡು ಕೂತಿದಾಳೆ.’

‘ಹೊಸದಾ?’ ಎಂದಳು. ತನ್ನ ದನಿ ಎಲ್ಲಿಂದಲೋ ಬಂದಂತಿತ್ತು.

‘ಹೊಸ ಗಾಜು, ಹಳೇ ಫ್ರೇಮು. ನಿಂಗೆ ಹೇಳ್ಲಿಲ್ವಾ ಅವಳು? ಅಂಗಡಿಯವನ ಜೊತೆ ದೊಡ್ಡ ರಾದ್ಧಾಂತ. ಹೊಸ ಫ್ರೇಮು ಮೂಗು ಚಿವುಟುತ್ತಂತೆ, ಗಾಜನ್ನ ಹಳೇದಕ್ಕೇ ಕೂರಿಸ್ಕೊಡು ಅಂತ ಹಟ ಹಿಡಿದ್ಳು. ಡಬ್ಬೀಲಿ ಇರೋದು ಬಿಚ್ಚಿದ ಹಳೇ ಗಾಜು, ಬಟ್ಟೆ ಸುತ್ತಿಟ್ಟಿದಾಳೆ. ಈಗ ಅದರಲ್ಲೇ ಒಂದನ್ನ ಕಣ್ಣಿಗೆ ಹಿಡ್ಕೊಂಡು ಮನೆಯೆಲ್ಲಾ ಸುತ್ತಾಳೆ, ಪತ್ತೇದಾರರ ಥರ.’ ನಗಲು ಹೋದವನ ನಗು ಅರ್ಧಕ್ಕೇ ನಿಂತಿತು. ‘ಕನ್ನಡಕ ಹೋದ್ರೆ ಹೋಯ್ತು, ಇನ್ನೊಂದು ಮಾಡಿಸ್ಬೋದು. ಅಮ್ಮ ಹೆದರ್ಕೊಂಡುಬಿಟ್ಟಿದಾಳೆ ಕಣೇ. ಒಂದ್ಸಲ, ಖಾನೇಲಿ ಕೈಯಾರೆ ಇಟ್ಟೆ ಅಂತಾಳೆ. ಇನ್ನೊಂದ್ಸಲ, ಇಟ್ನೋ ಇಲ್ವೋ ಅಂತಾಳೆ. ದೊಡ್ಡಮ್ಮಂಗೂ ಹೀಗೇ ಶುರುವಾಗಿದ್ದು ಅಂತ ಅಳ್ತಾಳೆ. ನಾಡಿದ್ದು ಡಾಕ್ಟರಿಗೆ ತೋರಿಸ್ತಾ ಇದೀನಿ. ನೆನಪಿನ ಶಕ್ತಿ ಪರೀಕ್ಷೆ ಮಾಡ್ತಾರಂತೆ.’

ದೊಡ್ಡಮ್ಮ ಎಂದರೆ ಅತ್ತೆಯ ಅಕ್ಕ. ಕೊನೆಗಾಲದಲ್ಲಿ ಇವರ ಮನೆಯಲ್ಲೇ ಇದ್ದವರು. ಸೋಪನ್ನು ಹಾಸಿಗೆಯೊಳಗೆ ಬಚ್ಚಿಡುತ್ತಿದ್ದರು. ಸ್ನಾನ ಮಾಡಿಸುತ್ತಿದ್ದ ತಂಗಿಯನ್ನೇ ‘ನೀವು ಯಾರ ಮನೆಯವರು ತಾಯಿ?’ ಎಂದು ಕೇಳುತ್ತಿದ್ದರು. ಆಗೆಲ್ಲ ಅತ್ತೆ ಬಚ್ಚಲಿನಿಂದ ಹೊರಬಂದು, ಒದ್ದೆ ಕೈ ಒರೆಸಿಕೊಳ್ಳುತ್ತ, ‘ದೇವರೇ, ಕಣ್ಣು ಬೇಕಾದ್ರೆ ತಗೋ, ಕಾಲು ಬೇಕಾದ್ರೆ ತಗೋ. ಬುದ್ಧಿ ಒಂದು ಬಿಟ್ಟಿರು’ ಎನ್ನುತ್ತಿದ್ದದ್ದನ್ನು ಅವಳೇ ಕೇಳಿದ್ದಳು.

ಕನ್ನಡಕ ನಾನೇ ತೆಗೆದುಕೊಂಡು ಬಂದೆ ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದಳು. ಹೊರಬಂದದ್ದು ಬೇರೆಯೇ.

‘ಮಂಚದ ಕೆಳಗೆ ಸರಿಯಾಗಿ ಹುಡುಕಿ ನೋಡಿ.’

ಫೋನು ಇಟ್ಟ ಮೇಲೆ ಅವಳ ತಲೆ ಎಂದಿನಂತೆ ಅಚ್ಚುಕಟ್ಟಾಗಿ ಕೆಲಸಕ್ಕಿಳಿಯಿತು. ನಾಳೆ ಹೊಲಿಗೆಯಾಕೆಯ ಮನೆಗೆ ಹೋಗುವುದು. ಪವರ್ ಸ್ವಲ್ಪ ಹೊಂದುತ್ತಿಲ್ಲ, ಹೀಗೇ ಹಾಕಿಕೊಂಡರೆ ಕಣ್ಣಿಗೆ ಕೆಟ್ಟದ್ದು, ಸರಿಪಡಿಸಿ ಕಳಿಸುತ್ತೇವೆ ಎನ್ನುವುದು. ಮೇಡಂ ಹೇಳಿದ ಮೇಲೆ ಎದುರು ಮಾತಾಡುವವರು ಯಾರು? ಊರಿಗೆ ಹೋದವಳೇ ಅದನ್ನು ಮಂಚದ ಕಾಲಿನ ಸಂದಿಗೆ ಸರಿಸಿ, ‘ಅತ್ತೆ, ಇಲ್ಲೇ ಇದೆಯಲ್ಲ!’ ಎನ್ನುವುದು. ಯೋಚನೆಯಲ್ಲಿ ಒಂದು ಲೋಪವೂ ಕಾಣಲಿಲ್ಲ. ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಬೆಳಿಗ್ಗೆ ಹಲ್ಲಿನ ಡಾಕ್ಟರನ್ನು ಜೊತೆಗೆ ಕರೆದುಕೊಂಡು ಹೊರಟಳು.

ಹೊಲಿಗೆಯಾಕೆಯ ಮನೆ ಒಂದು ಬೀಗದ ಅಂಗಡಿಯ ಮೇಲಿತ್ತು. ಕಿರಿದಾದ ಮೆಟ್ಟಿಲು, ಒಂದೇ ಕೋಣೆ, ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮಿಷನ್ನು. ಕತ್ತರಿಸಿ ಜೋಡಿಸದೆ ಬಿಟ್ಟಿದ್ದ ಶಾಲಾ ಸಮವಸ್ತ್ರಗಳ ರಾಶಿಯಲ್ಲಿ ಅರ್ಧ ಆಗಲೇ ಕರಗಿತ್ತು. ಅವಳು ಕುರ್ಚಿಯಲ್ಲಿ ಕೂರುವ ಮೊದಲೇ ಹೊಲಿಗೆಯಾಕೆ ಕೈ ಚಾಚಿದರು.

‘ಮೊದಲು ಕೋಟು ಬಿಚ್ಚಿ ಕೊಡಿ ಅಂತಿದಾರೆ’ ಎಂದರು ಡಾಕ್ಟರು. ‘ನೆನ್ನೆಯಿಂದ ಆ ಬ್ಯಾಡ್ಜು ಅವರ ತಲೆ ತಿಂತಾ ಇದೆಯಂತೆ. ನಂಗೂ ಹಾಗೇ, ಯಾರಾದ್ರೂ ಮುರುಕು ಹಲ್ಲಲ್ಲಿ ನಕ್ರೆ ಊಟ ಸೇರಲ್ಲ.’

ಬ್ಲೇಡಿನ ತುದಿಯಿಂದ ಹಳೆಯ ಹೊಲಿಗೆ ಬಿಚ್ಚಿಕೊಂಡಿತು. ಹೊಲಿಗೆಯಾಕೆ ಸೂಜಿಗೆ ದಾರ ಪೋಣಿಸಿದರು. ಕಂದು ಫ್ರೇಮಿನ ಎಡಗಡೆ ಕಡ್ಡಿಯ ತುದಿಗೆ ಸುತ್ತಿದ್ದ ನೀಲಿ ದಾರ ಕಿವಿಯ ಹಿಂದೆ ಕಾಣುತ್ತಿತ್ತು. ಅತ್ತೆ ಸುತ್ತಿದ್ದು. ಅವಳು ಗಂಟಲು ಸರಿಮಾಡಿಕೊಂಡಳು.

‘ಡಾಕ್ಟರೇ, ಆ ಕನ್ನಡಕದ ಪವರ್ ವಿಷಯ…’

ಅಷ್ಟರಲ್ಲಿ ಹೊಲಿಗೆಯಾಕೆಯೇ ಏನೋ ಕೇಳಿದರು. ಡಾಕ್ಟರು ಹೇಳಿದರು: ‘ಇದು ಯಾರದ್ದು, ತೀರಿಕೊಂಡವರದ್ದಾ, ಅಂತ ಕೇಳ್ತಿದಾರೆ. ಹಾಗೇನಾದ್ರೂ ಇದ್ರೆ ಅವರನ್ನ ನೆನೆಸ್ಕೊಳ್ಳೋಣ ಅಂತ.’

‘ಅಯ್ಯೋ, ಇಲ್ಲ. ಇದಾರೆ. ನಮ್ಮತ್ತೇದು.’

ಡಾಕ್ಟರು ಅದನ್ನು ದಾಟಿಸಿದರು. ಸೂಜಿ ನಿಂತಿತು. ದಪ್ಪ ಗಾಜಿನ ಹಿಂದೆ ದೊಡ್ಡದಾಗಿ ಕಾಣುತ್ತಿದ್ದ ಎರಡು ಕಣ್ಣುಗಳು ಅವಳ ಕಡೆ ತಿರುಗಿದವು.

‘ಹಾಗಾದ್ರೆ ಅವರು ಈಗ ಯಾವುದರಲ್ಲಿ ನೋಡ್ತಾರೆ, ಅಂತಿದಾರೆ.’

ಕೆಳಗಿನ ಅಂಗಡಿಯಲ್ಲಿ ಯಾರೋ ಕೀಲಿಗೆ ಅರ ಹಾಕಿ ಉಜ್ಜುತ್ತಿದ್ದರು.

‘ಬೇರೆ ಇದೆ ಅನ್ನಿ.’

ಸೂಜಿ ಮತ್ತೆ ಓಡಿತು. ರಾತ್ರಿಯೆಲ್ಲ ಹೊಸೆದಿದ್ದ ಪವರಿನ ಸುಳ್ಳು ಅವಳ ಬಾಯಲ್ಲೇ ಉಳಿಯಿತು. ಒಂದು ಸುಳ್ಳು ಹೇಳಿದ ಕೂಡಲೇ ಇನ್ನೊಂದಕ್ಕೆ ನಾಲಗೆ ಏಳಲಿಲ್ಲ, ಅಷ್ಟೇ. ಬ್ಯಾಡ್ಜು ನೇರವಾಗಿ ಕೂತಿತು. ಕೋಟು ತೊಟ್ಟು, ಕೈಮುಗಿದು, ಮೆಟ್ಟಿಲಿಳಿದು ಬೀದಿಗೆ ಬಂದಳು. ‘ಒಂದ್ನಿಮಿಷ ಇರಿ’ ಎಂದು ಡಾಕ್ಟರನ್ನು ಅಂಗಡಿಯ ಮುಂದೆ ನಿಲ್ಲಿಸಿ, ಗೋಡೆಯ ಮಗ್ಗುಲಿಗೆ ಹೋಗಿ ಮನೆಗೆ ಫೋನು ಮಾಡಿದಳು. ಅತ್ತೆಗೇ ಕೊಡಿ ಎಂದಳು.

‘ಅತ್ತೆ, ನಾನು.’

‘ಗೊತ್ತಾಯ್ತಮ್ಮ. ದನಿ ಇನ್ನೂ ಗುರುತು ಸಿಗುತ್ತೆ. ಮುಂದೆ ಹೇಗೋ ಏನೋ.’

‘ನಿಮ್ಮ ಕನ್ನಡಕ ಕಳೆದಿಲ್ಲ. ನಾನು ತಂದಿದೀನಿ. ನೀವು ಮಲಗಿದ್ದಾಗ ಖಾನೆಯಿಂದ ತಗೊಂಡೆ, ಹಳೇದು ಅಂತ.’



‘ಯಾವ ಖಾನೆ?’

‘ಮಂಚದ ಪಕ್ಕದ್ದು. ಮೇಲಿಂದು.’

‘ಕರವಸ್ತ್ರದ ಕೆಳಗಿತ್ತಾ?’

‘ಕರವಸ್ತ್ರದ ಕೆಳಗೇ ಇತ್ತು.’

‘ಏ ಇವನೇ, ಬಾರೋ ಇಲ್ಲಿ!’ ಅತ್ತೆ ಮಗನನ್ನು ಕೂಗಿದ ರಭಸಕ್ಕೆ ಅವಳು ಫೋನನ್ನು ಕಿವಿಯಿಂದ ದೂರ ಹಿಡಿದಳು. ‘ಕೇಳಿಸ್ಕೊಂಡ್ಯಾ? ಕರವಸ್ತ್ರದ ಕೆಳಗೇ ಇಟ್ಟಿದ್ನಂತೆ! ನಾನು ಬಡ್ಕೊಂಡ್ರೆ ನೀನು ಹ್ಞೂಂ ಹ್ಞೂಂ ಅಂತ ತಲೆ ಸವರ್ತಿದ್ಯಲ್ಲ. ನಿನ್ನ ಡಾಕ್ಟರಿಗೆ ನೀನೇ ಹೋಗಿ ತೋರಿಸ್ಕೊ!’ ನಗುತ್ತಿದ್ದರೋ ಅಳುತ್ತಿದ್ದರೋ, ಎರಡೂ ಬೆರೆತಿತ್ತು. ಆಮೇಲೆ ದನಿ ತಗ್ಗಿಸಿ ಕೇಳಿದರು, ‘ಈಗ ಯಾರು ಹಾಕ್ಕೊಂಡಿದಾರೆ ಅದನ್ನ?’

‘ಒಬ್ರು ಬಟ್ಟೆ ಹೊಲಿಯೋರು. ನಿಮ್ಮ ವಯಸ್ಸೇ.’

‘ಎಡಗಡೆ ಕಡ್ಡಿ ಕಿವಿ ಕಡಿಯುತ್ತೆ ಅಂತ ದಾರ ಸುತ್ತಿದೀನಿ. ಬಿಚ್ಚಬೇಡಿ ಅಂತ ಹೇಳು. ಹೋಗ್ಲಿ ಬಿಡು, ನೀನೇನು ಬೇಕು ಅಂತ ಮಾಡಿದ್ಯಾ? ತಿಳೀದೇ ಆಗಿದ್ದು.’

ತಪ್ಪಿಸಿಕೊಳ್ಳುವ ಬಾಗಿಲನ್ನು ಅತ್ತೆಯೇ ತೆರೆದುಕೊಟ್ಟಿದ್ದರು. ಹ್ಞೂಂ ಎಂದರೆ ದಾಟಿಕೊಳ್ಳಬಹುದಿತ್ತು.

‘ತಿಳೀದೇ ಅಲ್ಲ ಅತ್ತೆ. ಗಾಜಲ್ಲಿ ಒಂದು ಗೀರೂ ಇರ್ಲಿಲ್ಲ. ದೀಪದ ಕೆಳಗೆ ನೋಡ್ದೆ. ಇದು ಹಳೇದಲ್ಲ ಅಂತ ಆಗಲೇ ಅನ್ನಿಸ್ತು.’

‘ಅನ್ನಿಸ್ತಲ್ಲ, ಎಬ್ಬಿಸಿ ಕೇಳ್ಬಾರ್ದಾಗಿತ್ತಾ?’

‘ಕೇಳಿದ್ರೆ ಕೊಡಲ್ಲ ಅಂತೀರೇನೋ ಅಂತ. ಸಭೇಲಿ ಮಾತು ಕೊಟ್ಟಾಗಿತ್ತು. ಎಲ್ಲಾ ಚಪ್ಪಾಳೆ ತಟ್ಟಿದ್ರು.’

ಅತ್ತೆ ಕೇಳಿದರು: ‘ಮಂಚದ ಕೆಳಗೆ ಹುಡುಕಿ ಅಂದಿದ್ದು ನೀನೇ ಅಲ್ವಾ, ನೆನ್ನೆ?’

‘ನಾನೇ.’

‘ಆಗ್ಲೂ ಗೊತ್ತಿತ್ತು.’

‘ಗೊತ್ತಿತ್ತು.’

‘ಹುಡುಕಿದೆ ಕಣೇ. ಇವನಿಗೆ ಹೇಳಿದ್ರೆ ಮತ್ತೆ ಒಂಥರಾ ನೋಡ್ತಾನೆ ಅಂತ, ಒಬ್ಳೇ ನೆಲದ ಮೇಲೆ ಬೋರಲು ಮಲಕ್ಕೊಂಡು, ಗೋಡೆ ತನಕ ಕೈಯಾಡಿಸಿದೆ. ಅಕ್ಕ ಹೀಗೇ ತಡಕಾಡ್ತಿದ್ದದ್ದು ಕಣ್ಮುಂದೆ ಬಂತು.’

ಅವಳಿಗೆ ಕ್ಷಮಿಸಿ ಎನ್ನಲು ಆಗಲಿಲ್ಲ. ಅಂದಿದ್ದರೂ ಅದು ಮತ್ತೆ ತನ್ನ ಅನುಕೂಲಕ್ಕೇ ಆಗುತ್ತಿತ್ತು.

‘ಬೈಯಿರಿ ಅತ್ತೆ’ ಎಂದಳು.

‘ಈಗಲ್ಲ. ಹೊಸ ಕನ್ನಡಕ ಬರ್ಲಿ. ಬೈಯೋವಾಗ ನಿನ್ನ ಮುಖ ಸರಿಯಾಗಿ ಕಾಣ್ಬೇಕು ನಂಗೆ.’

ಫೋನು ಕಟ್ಟಾಯಿತು. ಅವಳು ಕೀಲಿ ಉಜ್ಜುವ ಸದ್ದು ಕೇಳುತ್ತ ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತಳು. ಆಮೇಲೆ ಮತ್ತೆ ಮೆಟ್ಟಿಲ ಕಡೆ ನಡೆದಳು.

‘ಏನಾದ್ರೂ ಮರೆತ್ರಾ ಮೇಡಂ?’ ಎಂದರು ಹಲ್ಲಿನ ಡಾಕ್ಟರು.

‘ನಮ್ಮತ್ತೆ ಒಂದು ಮಾತು ಹೇಳಿದಾರೆ. ಆ ನೀಲಿ ದಾರ ಬಿಚ್ಚಬಾರದಂತೆ.’

ಮೆಟ್ಟಿಲು ಹತ್ತುವಾಗಲೇ ಇನ್ನೊಂದು ಮಾತನ್ನೂ ತೀರ್ಮಾನಿಸಿಕೊಂಡಳು. ಅತ್ತೆಗೆ ಬೇರೆ ಕನ್ನಡಕ ಇಲ್ಲ ಎಂಬುದನ್ನು ಮೇಲಿನ ಮನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ಹೊಲಿಗೆಯಾಕೆ ಆ ಕ್ಷಣವೇ ಕಳಚಿ ಕೊಟ್ಟಾರು. ಆ ಸುಳ್ಳನ್ನು ಹೊತ್ತುಕೊಂಡೇ ಊರಿಗೆ ಹೋಗಬೇಕು. ಅಲ್ಲಿ ಗೀರಿಲ್ಲದ ಹೊಸ ಗಾಜಿನ ಹಿಂದೆ ಎರಡು ಕಣ್ಣುಗಳು ಅವಳ ಮುಖಕ್ಕಾಗಿ ಕಾಯುತ್ತಿರುತ್ತವೆ.