ಪೀಪಾಯಿ ರೈಲಿನ ಎಣ್ಣೆ

“ಮತ್ತೆ ತೊಟ್ಟಿಕ್ತಾ ಇದೆ, ದರಿದ್ರದ್ದು!”

ಡೆಲ್ಮರ್ ಶೆಡ್ಡಿನ ನೆಲದ ಮೇಲೆ ಬಿದ್ದುಕೊಂಡೇ ಕೂಗಿದ. ಟ್ರ್ಯಾಕ್ಟರಿನ ಹಿಂದಿನ ಎರಡೂ ಚಕ್ರಗಳ ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಅಂಗಿ ಗುಂಡಿಯಷ್ಟಗಲದ ಎಣ್ಣೆಕಲೆ. ಎಣ್ಣೆ ಸೋರದಂತೆ ತಡೆಯಲು ನಿನ್ನೆಯಷ್ಟೇ ಹಾಕಿದ್ದ ಹೊಸ ಸೀಲುಗಳು, ರಬ್ಬರ್ ಅಂಚಿನ ಬಳೆಗಳು. ಅದಕ್ಕೂ ಮುಂಚಿನ ಜೋಡಿಯ ಗತಿಯೂ ಇದೇ ಆಗಿತ್ತು. ಇನ್ನುಳಿದದ್ದು ಒಂದೇ ಜೋಡಿ.

ನಲವತ್ತು ವರ್ಷದ ಆ ತೋಟದ ಟ್ರ್ಯಾಕ್ಟರು ಹುಲ್ಲು ಕತ್ತರಿಸಿ, ಹಿಮ ತಳ್ಳಿ ಮುದಿಯಾಗಿತ್ತು. ಆದರೂ ಜುಲೈ ನಾಲ್ಕರಂದು, ಅಮೆರಿಕದ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ, ಅದರದ್ದೇ ದರ್ಬಾರು. ಹಿಂದೆ ಒಂಬತ್ತು ನೀಲಿ ಪ್ಲಾಸ್ಟಿಕ್ ಪೀಪಾಯಿಗಳು. ಹೊಟ್ಟೆ ಕೊಯ್ದು, ಚಕ್ರ ಹಚ್ಚಿ, ಪೀಪಾಯಿಗೊಂದು ಮಗು. ಇಪ್ಪತ್ತೆರಡು ವರ್ಷದಿಂದ ಆ ರೈಲನ್ನು ಡೆಲ್ಮರ್ ಬಿಟ್ಟು ಇನ್ನೊಬ್ಬರು ಎಳೆದಿರಲಿಲ್ಲ. ಹೋದ ವರ್ಷ ಮಾತ್ರ ಟ್ರ್ಯಾಕ್ಟರು ರಸ್ತೆಯುದ್ದಕ್ಕೂ ಎಣ್ಣೆ ಸುರಿಸಿ, ಹಿಂದೆ ಬರುತ್ತಿದ್ದ ಬ್ಯಾಂಡಿನ ಹುಡುಗಿ ಡೋಲಿನ ಸಮೇತ ಜಾರಿ ಬಿದ್ದಿದ್ದಳು. ಮೆರವಣಿಗೆ ಸಮಿತಿಯ ಫಿಲಿಸ್ ಈ ಸಲ ಖಡಾಖಂಡಿತವಾಗಿ ಹೇಳಿದ್ದಳು: “ಒಂದು ಹನಿ ಬಿದ್ರೂ ರೈಲು ಬೇರೆಯವರಿಗೆ. ನೀನು ರಸ್ತೆ ಪಕ್ಕ ಕುರ್ಚಿ ಹಾಕ್ಕೊಂಡು ಕೈ ಬೀಸು, ಡೆಲ್ಮರ್.”

ಆ ಕುರ್ಚಿ ಮಾತ್ರ ಅವನಿಗೆ ಬೇಡವಾಗಿತ್ತು. ಅಲ್ಲಿ ಒಮ್ಮೆ ಕೂತವರು ಮತ್ತೆ ಮೆರವಣಿಗೆಗೆ ಮರಳಿದ್ದನ್ನು ಅವನು ಕಂಡಿರಲಿಲ್ಲ. ಮೆರವಣಿಗೆ ನಾಳೆಯೇ.

ಚಕ್ರ ಬಿಚ್ಚಿ, ಸೀಲುಗಳನ್ನು ಕಿತ್ತು ಮೇಜಿನ ಮೇಲಿದ್ದ ಹಿಂದಿನ ಜೋಡಿಯ ಪಕ್ಕಕ್ಕೆ ಎಸೆಯುವಷ್ಟರಲ್ಲಿ ಹೆಂಡತಿ ಆರ್ಡಿಸ್ ಕಾಫಿ ಹಿಡಿದು ಬಂದಳು. ಐವತ್ತು ವರ್ಷದ ಸಂಸಾರದಲ್ಲಿ ಅವಳು ಆ ಶೆಡ್ಡಿಗೆ ಕಾಫಿ ತರಬಹುದಿತ್ತು, ಸಲಹೆ ತರುವಂತಿರಲಿಲ್ಲ. ಇವತ್ತು ಕಿತ್ತ ಸೀಲೊಂದನ್ನು ಎತ್ತಿ ಬೆಳಕಿಗೆ ಹಿಡಿದಳು.

“ಇದರ ರಬ್ಬರ್ ಅಂಚು ಹರಿದಿದೆ ನೋಡು. ಎಲ್ಲದರದ್ದೂ ಹೀಗೇ.”

“ಮಾಲೇ ಸರಿಯಿಲ್ಲ.”

“ನಾಲ್ಕೂ? ಸುಮ್ನಿರು ಮಾರಾಯ.” ಅವಳು ಚಕ್ರ ಕೂರುವ ಕಬ್ಬಿಣದ ದಂಡದ, ಆಕ್ಸಲ್‌ನ, ಮೇಲೆ ಬೆರಳಾಡಿಸಿದಳು. ಚಕ್ರ ಹಿಡಿಯುವ ಕೀಲು ಕೂರಲೆಂದು ಅದರಲ್ಲಿ ಉದ್ದಕ್ಕೆ ಕೊರೆದ ತೋಡಿನ ಅಂಚು ಚಾಕುವಿನಂತಿತ್ತು. “ಸೀಲು ತೂರಿಸೋವಾಗ ಇಲ್ಲೇ ಕುಯ್ದುಕೊಳ್ತಾ ಇರೋದು. ನೀನೋ, ಎಲ್ಲಾನೂ ಬಲ ಹಾಕಿ ನೂಕೋನು.”

ಒಳಗೆ ಹೋದವಳು ಬ್ರೆಡ್ಡಿನ ಖಾಲಿ ಪ್ಲಾಸ್ಟಿಕ್ ಚೀಲಗಳನ್ನು ತಂದಳು.

“ಏನು, ಬುತ್ತಿ ಕಟ್ತೀಯಾ?”

“ನಿನ್ನ ತಲೆ! ಹಿಮ ಬಿದ್ದಾಗ ಮಕ್ಕಳಿಗೆ ಬೂಟು ಹೇಗೆ ಹಾಕ್ತಿದ್ದೆ? ಕಾಲುಚೀಲದ ಮೇಲೆ ಇದನ್ನ ತೊಡಿಸಿದ್ರೆ ಪಾದ ಸರಕ್ ಅಂತ ಇಳೀತಿತ್ತು. ನಾಲ್ಕು ಮಕ್ಕಳು, ಎಂಟು ಕಾಲು. ಆಗ ನೀನೆಲ್ಲಿದ್ದೆ?”

“ಹಾಲು ಕರೀತಿದ್ದೆ,” ಎಂದ ಡೆಲ್ಮರ್ ಮೆತ್ತಗೆ.

ಆರ್ಡಿಸ್ ಚೀಲವನ್ನು ಆಕ್ಸಲ್‌ಗೆ ಬಿಗಿಯಾಗಿ ತೊಡಿಸಿ ಗ್ರೀಸ್ ಸವರಿದಳು. ಸೀಲು ಎಲ್ಲೂ ತೊಡರದೆ ಜಾರಿ ಹೋಯಿತು. ಚೀಲ ಎಳೆದು ತೆಗೆದ ಮೇಲೆ ಡೆಲ್ಮರ್ ಪೈಪಿನ ತುಂಡಿಟ್ಟು ಸುತ್ತಲೂ ತಟ್ಟಿ ಕೂರಿಸಿದ. ಇನ್ನೊಂದು ಬದಿಗೆ ಬಂದಾಗ ಸುತ್ತಿಗೆಯನ್ನೇ ಅವಳ ಕೈಗಿಟ್ಟ.

ಎಣ್ಣೆ ತುಂಬಿ, ಅಂಗಳ ನಾಲ್ಕು ಸುತ್ತು ಹೊಡೆಸಿ, ಹೊಸ ರಟ್ಟು ಹಾಸಿ ಕಾದರು. ಒಂದು ಗಂಟೆ ಕಳೆದರೂ ರಟ್ಟು ಒಣಗಿಯೇ ಇತ್ತು. ಡೆಲ್ಮರ್‌ಗೆ ಕುಣಿಯುವಷ್ಟು ಖುಷಿ.

“ಇದೆಲ್ಲಾ ನಿಂಗೆ ಗೊತ್ತಿತ್ತಾ ಮಾರಾಯ್ತಿ?”

“ಕೇಳಿದ್ರೆ ತಾನೆ ಹೇಳೋದು?”

ಮರುದಿನ ಫಿಲಿಸ್ ಬಗ್ಗಿ ಟ್ರ್ಯಾಕ್ಟರಿನ ಅಡಿ ನೋಡಿ, “ಹೊರಡು” ಎಂದಳು. ಡೆಲ್ಮರ್‌ಗೆ ಮಾತ್ರ ಇನ್ನೂ ಪುಕುಪುಕು. ಒಂದು ಮಗು ಜ್ವರವೆಂದು ಬಂದಿರಲಿಲ್ಲ. ಕೊನೆಯ ಪೀಪಾಯಿ ಖಾಲಿ.

“ಆರ್ಡಿಸ್, ನೀನು ಹತ್ತು. ಹಿಂದಕ್ಕೆ ತಿರುಗಿ ಕೂತ್ಕೊಂಡು ರಸ್ತೆ ನೋಡ್ತಿರು. ಹನಿ ಬಿದ್ರೆ ಕೂಗು.”

ಎಪ್ಪತ್ತೆರಡರ ಆರ್ಡಿಸ್ ಬೈಯುತ್ತಲೇ ಮಂಡಿ ಮಡಚಿ ಪೀಪಾಯಿಯೊಳಗೆ ಕೂತಳು.

“ಬಿತ್ತಾ?” ಬ್ಯಾಂಕಿನ ಹತ್ತಿರ ಅವನು ಕೂಗಿದ.

“ಇಲ್ಲ!”

“ಬಿತ್ತಾ?” ಅಂಚೆ ಕಚೇರಿಯ ಹತ್ತಿರ.

“ಇಲ್ಲ ಅಂದ್ನಲ್ಲ! ಮುಂದೆ ನೋಡ್ಕೊಂಡು ಓಡ್ಸು!”

ಚರ್ಚಿನ ತಿರುವಿನಲ್ಲಿ ಕೂಗಿದಾಗ ಉತ್ತರವೇ ಬರಲಿಲ್ಲ. ಡೆಲ್ಮರ್ ಗಾಬರಿಯಿಂದ ತಿರುಗಿ ನೋಡಿದ. ಆರ್ಡಿಸ್ ರಸ್ತೆಯನ್ನೇ ನೋಡುತ್ತಿರಲಿಲ್ಲ. ಟೋಪಿ ಒಂದು ಕಿವಿಯ ಮೇಲೆ ಇಳಿದಿತ್ತು. ಮೆರವಣಿಗೆಯಲ್ಲಿ ಎರಚಲು ಯಾರೋ ತಂದಿದ್ದ ಮಿಠಾಯಿ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಬದಿಯಲ್ಲಿ ಕಿರುಚುತ್ತ ಓಡುತ್ತಿದ್ದ ಮಕ್ಕಳಿಗೆ ಬೊಗಸೆ ಬೊಗಸೆ ತೂರುತ್ತಿದ್ದಳು.

ಅವನು ಮುಂದೆ ತಿರುಗಿ, ಟ್ರ್ಯಾಕ್ಟರಿನ ವೇಗವನ್ನು ಇನ್ನಷ್ಟು ತಗ್ಗಿಸಿದ.