ಬಾಯಿ ಬಿಡದ ಗಿರಾಕಿಗಳು

ದೀಪ ಹಚ್ಚುವ ಹೊತ್ತಾಯಿತೆಂದರೆ ಶಂಕ್ರಪ್ಪ ಕುಂಚ ತೊಳೆದಿಟ್ಟು ಸೊಸೆಯನ್ನು ಕೂಗುತ್ತಿದ್ದರು.

"ರೋಹಿಣಿ, ಇವತ್ತ ಎಷ್ಟ ಮಂದಿ ಬಂದಿದ್ರವಾ?"

"ಭಾಳ ಮಂದಿ ಬಂದಿದ್ರರಿ ಮಾವಾರ."

"ಏನರ ಕೇಳಿದ್ರೇನು?"

"ಇಲ್ರಿ. ನೋಡಿ ಹೋದ್ರು."

"ಬರೂದು, ನೋಡೂದು, ಬಾಯಿ ಬಿಡದ ಹೋಗೂದು! ಎಂಥಾ ಗಿರಾಕಿನೋ ಏನೋ."

ಗೊಣಗಿದರೂ ಅವರ ಮುಖ ಅರಳಿರುತ್ತಿತ್ತು. ರಾತ್ರಿ ಊಟಕ್ಕೆ ಒಂದು ರೊಟ್ಟಿ ಹೆಚ್ಚೇ ಇಳಿಯುತ್ತಿತ್ತು.

ಬಂದವರೆಂದರೆ ಕಲಘಟಗಿಯ ಆ ಮನೆಯ ಹೊಸ್ತಿಲು ತುಳಿದವರಲ್ಲ, ರೋಹಿಣಿ ಮಾಡಿದ ವೆಬ್‌ಸೈಟಿಗೆ ಬಂದವರು. ಬಣ್ಣದ ತೊಟ್ಟಿಲು ಮಾಡುವ ಮನೆ ಅದು. ಕಟ್ಟಿಗೆಯ ಕೆಲಸ ಗಂಡ ಸುಭಾಸನದು, ಚಿತ್ರ ಬರೆಯುವುದು ಮಾವ ಶಂಕ್ರಪ್ಪನವರದು. ಕಳೆದ ಚಳಿಗಾಲದಲ್ಲಿ ಮಾವನಿಗೆ ಲಕ್ವಾ ಹೊಡೆಯಿತು. ಎದ್ದರೇನೋ ಎದ್ದರು, ಬಲಗೈ ಮಾತ್ರ ನಡುಗತೊಡಗಿತ್ತು. ಮೊದಲು ಬರೆದ ಗಿಳಿಗೆ ಕಾಗೆಯ ಕೊಕ್ಕು ಬಂದದ್ದೇ ತಡ, ಕುಂಚ ಮೂಲೆ ಸೇರಿತು, ಅವರು ಕಟ್ಟೆ ಸೇರಿದರು. ಊಟ ಸೇರದು, ಮಾತು ಬೇಡ. ಅತ್ತೆ ಗೌರಕ್ಕ ಹೊರದ ಹರಕೆಯಿಲ್ಲ. ಕೊನೆಗೆ ಹರಕೆಯಿಂದ ಆಗದ್ದು ಒಂದು ಮಾತಿನಿಂದ ಆಯಿತು. "ನಮ್ಮ ವೆಬ್‌ಸೈಟಿಗೆ ಮಂದಿ ಬರಾಕತ್ತಾರ್ರಿ" ಎಂದು ರೋಹಿಣಿ ಹೇಳಿದ ಮರುದಿನವೇ ಮಾವ ಕುಂಚ ಹುಡುಕಿಕೊಂಡು ಬಂದರು.

"ನೋಡಾಕ ಬಂದವರಿಗೆ ಹಳೇ ತೊಟ್ಟಿಲಾನ ತೋರಸ್ತೀರೇನು? ತಾ ಇಲ್ಲೆ ಬಣ್ಣ."

ಆ ಕೈ ಈಗ ಕೆಲಸ ಮಾಡುತ್ತಿದ್ದುದು ಸಂಜೆಯ ಆ ಒಂದು ಉತ್ತರದ ಬಲದ ಮೇಲೆ. ಅದು ರೋಹಿಣಿಗೆ ಚೆನ್ನಾಗಿ ಗೊತ್ತಿತ್ತು.

ರೋಹಿಣಿ ನವಲಗುಂದದವಳು, ಜಮಖಾನ ಮಾರುವವರ ಮಗಳು. ಗಿರಾಕಿಯ ಬಾಯಿ ನೋಡಬೇಡ, ಕಣ್ಣು ಎಲ್ಲಿ ನಿಂತಿತು ನೋಡು ಎಂದು ಅವಳಪ್ಪ ಕಲಿಸಿದ್ದ. ವೆಬ್‌ಸೈಟಿನಲ್ಲಿ ಇಷ್ಟು ದಿನ ಎಷ್ಟು ಸಲ ತೆರೆಯಿತೆಂಬ ಅಂಕಿಯಷ್ಟೇ ಕಾಣುತ್ತಿತ್ತು; ಬಂದವರ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ತಿಳಿದರೆ ವ್ಯಾಪಾರಕ್ಕೆ ದಾರಿಯಾದೀತು ಎಂದು ಅವಳು ಅದಕ್ಕೊಂದು ಲೆಕ್ಕ ಹಿಡಿಯುವ ಟೂಲ್ ಜೋಡಿಸಿದಳು. ಯಾರು ಬಂದರು, ಯಾವ ಪುಟ ಓದಿದರು, ಎಲ್ಲವನ್ನೂ ಅದು ಬಿಡಿಸಿ ಹೇಳಿತು. ರೋಹಿಣಿ ಅದನ್ನು ಎರಡೆರಡು ಸಲ ಓದಿದಳು. ಬಂದವರೆಲ್ಲ ಬಾಟ್‌ಗಳು. ಎಐ ಕಂಪನಿಗಳು ಊರೂರಿನ ವೆಬ್‌ಸೈಟು ಓದಿಕೊಂಡು ಬರಲು ಕಳಿಸುವ ಪ್ರೋಗ್ರಾಮುಗಳು. ಮನುಷ್ಯರ ಸಾಲಿನಲ್ಲಿ ಇದ್ದದ್ದು ಅವಳು ಮತ್ತು ಅವಳ ತಮ್ಮ.

ಇನ್ನೂ ವಿಚಿತ್ರವೆಂದರೆ ಅವುಗಳಿಗೆ ದರ ಬೇಡ, ಫೋಟೋ ಬೇಡ. ಹೆಚ್ಚಿನವು ಒಂದೇ ಪುಟಕ್ಕೆ ಬಂದು ಹೋಗಿದ್ದವು. ಮಾವ ಹಟ ಹಿಡಿದು ಹೇಳಿ ಬರೆಸಿದ ಪುಟ ಅದು. ಇದನ್ನು ಯಾರು ಓದುತ್ತಾರೆ ಎಂದು ಮನಸ್ಸಿಲ್ಲದ ಮನಸ್ಸಿನಿಂದ ರೋಹಿಣಿ ಹಾಕಿದ್ದಳು: "ಖಾಲಿ ತೊಟ್ಟಿಲಾ ತೂಗಬಾರದು. ಕೂಸು ಇಲ್ಲದಾಗ ಗುಂಡಪ್ಪನ್ನ ಮಲಗಿಸಿ ತೂಗರಿ. ಕೂಸು ಬರೂ ಮಟಾ ಅಂವ ಜಾಗಾ ಕಾಯ್ತಾನ." ಗುಂಡಪ್ಪ ಎಂದರೆ ಒರಳಿನ ಗುಂಡುಕಲ್ಲು. ಹೆಸರಿಡುವ ದಿನ ಅದಕ್ಕೆ ನೀರೆರೆದು, ಕುಲಾವಿ ತೊಡಿಸಿ, ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವುದು ಈ ಸೀಮೆಯ ಪದ್ಧತಿ.

ಸಂಜೆ ಮಾವ ಕೂಗಿದರು. ರೋಹಿಣಿ ಎಂದಿನಂತೆ "ಭಾಳ ಮಂದಿ" ಎಂದಳು. ಮರುದಿನವೂ ಅಂದಳು. ಮೊದಲು ಸಲೀಸಾಗಿ ಆಡುತ್ತಿದ್ದ ಮಾತನ್ನು ಈಗ ಮಾವನ ಮುಖ ನೋಡದೆ ಆಡುತ್ತಿದ್ದಳು. ಹಾಗೇ ನುಂಗಿಕೊಂಡು ಇರುತ್ತಿದ್ದಳೇನೋ, ಆದರೆ ಹೊಸ ತೊಟ್ಟಿಲಿಗೆ ಕೊನೆಯ ಬಣ್ಣ ಕೊಡುತ್ತ ಮಾವ ಅವಳನ್ನು ಹತ್ತಿರ ಕರೆದರು.

"ಬಂದವರಾಗ ಒಬ್ಬರದ ಹೆಸರು ಹೇಳವಾ. ಇದರ ಮ್ಯಾಲ ಬರೀತೀನಿ. ಅಷ್ಟ ಪ್ರೀತಿಲೆ ಬಂದ ನೋಡಿ ಹೋಗ್ತಾರ, ನಮ್ಮದೂ ಏನರ ಇರಲಿ."

ಇಲ್ಲದ ಹೆಸರು ಹುಟ್ಟಿಸಲು ಅವಳಿಂದಾಗಲಿಲ್ಲ.

"ಹೆಸರಿಲ್ರಿ ಮಾವಾರ. ಬಂದಾವು ಮನುಷ್ಯಾರಲ್ರಿ. ಮಷೀನು. ಬರದದ್ದನ್ನ ಓದಿ ಹೋಗ್ತಾವ ಅಷ್ಟ."

ಶಂಕ್ರಪ್ಪ ತೊಟ್ಟಿಲಿನ ಮೇಲಿನ ಗಿಳಿಯತ್ತ ತಿರುಗಿದರು. "ಕಣ್ಣಿಲ್ಲನು ಅವಕ್ಕ?"

"ಇಲ್ರಿ."

"ಹಂಗಾರ ನನ್ನ ಗಿಳಿ ಯಾರೂ ನೋಡಿಲ್ಲ."

ಕುಂಚವನ್ನು ತೊಳೆಯದೆ ಹಾಗೆಯೇ ಇಟ್ಟು ಎದ್ದು ಹೋದರು. ರೋಹಿಣಿಯೇ ಅದನ್ನು ತೊಳೆದಳು, ಅಳುತ್ತ ತೊಳೆದಳು.

ಗೌರಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಸುಳ್ಳ ಹೇಳಿದ್ರ ಕಡೀತನಕಾ ಹೇಳಬೇಕವಾ, ನಡುವ ಕೈ ಬಿಡಬಾರದು," ಎಂದು ಬೈದರು. ಬೈದು, ಸೆರಗಿನಿಂದ ಸೊಸೆಯ ಕಣ್ಣೊರೆಸಿದರು.

ಮಾವ ಮತ್ತೆ ಕಟ್ಟೆ ಸೇರಿದರು. ಸಂಜೆ ಕೂಗುವವರಿಲ್ಲ. ಹೆಸರಿನ ಜಾಗ ಬಿಟ್ಟ ತೊಟ್ಟಿಲು ಪಡಸಾಲೆಯಲ್ಲಿ ಧೂಳು ಹಿಡಿಯಿತು. ಆ ಬಾಟ್‌ಗಳ ಹಾಳು ಲೆಕ್ಕ ತಾನು ನೋಡದಿದ್ದರೆ ಚೆನ್ನಾಗಿತ್ತು ಎಂದು ರೋಹಿಣಿ ತನ್ನನ್ನೇ ಶಪಿಸಿಕೊಂಡಳು.

ಹೀಗಿರಲು ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಕೈಗೆ ಸಾರು ಮೆತ್ತಿದ್ದರಿಂದ ರೋಹಿಣಿ ಸ್ಪೀಕರಿಗೆ ಹಾಕಿದಳು.

"ತೊಟ್ಟಿಲದ ಶಂಕ್ರಪ್ಪಜ್ಜಾರ ಮನಿ ಏನ್ರಿ? ನಾ ಅಣ್ಣಿಗೇರಿಯಿಂದ ಅಮೃತಾ ಅಂತ್ರಿ. ತೊಟ್ಟಿಲಾ ಬ್ಯಾಡ್ರಿ, ನಮ್ಮನ್ಯಾಗ ಐತಿ. ನನ್ನ ಕೂಸು ದಿನಾ ತುಂಬದ ಹುಟ್ಟೇತ್ರಿ. ಹುಬ್ಬಳ್ಳಿ ದವಾಖಾನಿಯಾಗ ಗಾಜಿನ ಪೆಟ್ಟಿಗ್ಯಾಗ ಇಟ್ಟಾರ. ನನ್ನೊಬ್ಬಾಕಿನ್ನ ಮನಿಗೆ ಕಳಿಸ್ಯಾರ. ತೊಟ್ಟಿಲಾ ಮೊದಲ ಕಟ್ಟಿದ್ವಿ. ಕೈ ಅತ್ತಾಗ ಹೋಗ್ತಿತ್ರಿ, ಆದ್ರ ಖಾಲಿ ತೂಗಬಾರದಂತ ಅತ್ತಿ ಬ್ಯಾಡ ಅಂದ್ರು. ಯಾರನ್ನ ಕೇಳೂದು? ಫೋನಿನಾಗ ಎಐಗೆ ಕೇಳಿದೆ. ಕಲಘಟಗಿ ಶಂಕ್ರಪ್ಪನವರು ಹಿಂಗ ಹೇಳ್ಯಾರ ಅಂತ ಅದು ಹೇಳ್ತು. ಗುಂಡಪ್ಪನ್ನ ಮಲಗಿಸೇನ್ರಿ. ದಿನಾ ತೂಗ್ತೀನಿ. ನನ್ನ ಕೈಗೆ ಒಂದ ಕೆಲಸಾ ಕೊಟ್ರಿ ಅಜ್ಜಾರ, ಅದಕ್ಕ ಹೇಳೂಣಂತ ಫೋನ್ ಮಾಡಿದೆ."

ಶಂಕ್ರಪ್ಪ ಫೋನಿನತ್ತ ಬಾಗಿದರು.

"ಕೂಸು ಹೆಂಗೈತಿ ತಂಗಿ?"

"ತಾನ ಉಸರಾಡಾಕತ್ತೇತ್ರಿ."

"ಬರ್ತೇತಿ. ಗುಂಡಪ್ಪ ಜಾಗಾ ಕಾಯಾಕತ್ತಾನ, ಬರಲಾರದ ಎಲ್ಲಿ ಹೋಗ್ತೇತಿ!"

ಫೋನು ಇಟ್ಟದ್ದೇ ರೋಹಿಣಿ ಕೈತೊಳೆದು ಆ ಲೆಕ್ಕ ಬಿಚ್ಚಿದಳು. ಬಾಟ್‌ಗಳಲ್ಲಿ ಎರಡು ಜಾತಿ. ಕಂಡದ್ದನ್ನೆಲ್ಲ ಓದಿ ಕಲಿಯಲು ಬರುವವು ಒಂದು, ಯಾರೋ ಒಬ್ಬರು ಪ್ರಶ್ನೆ ಕೇಳಿದ ಗಳಿಗೆಗೆ ಉತ್ತರ ಹುಡುಕಿಕೊಂಡು ಓಡಿ ಬರುವವು ಇನ್ನೊಂದು. ದುಃಖದಲ್ಲಿ ಅವಳು ಎರಡನ್ನೂ ಒಂದೇ ಎಂದುಕೊಂಡಿದ್ದಳು. ಗುಂಡಪ್ಪನ ಪುಟಕ್ಕೆ ಬಂದವು ಹೆಚ್ಚಾಗಿ ಎರಡನೆಯವು.

"ಮಾವಾರ, ಇವು ಸುಮ್ಮನ ಬಂದಾವಲ್ರಿ! ಯಾರರ ಕೇಳಿದಾಗ ನಿಮ್ಮ ಮಾತು ಒಯ್ಯಾಕ ಬಂದಾವು. ಇವುಗಳ ಹಿಂದ ಅಮೃತಾನಂಥಾವ್ರು ಅದಾರ್ರಿ."

ಶಂಕ್ರಪ್ಪನವರಿಗೆ ನಗು ಬಂತು, ಬಹಳ ದಿನದ ಮೇಲೆ.

"ಅಂದ್ರ ಗುಂಡಪ್ಪ ಅನ್ನು. ಕಣ್ಣಿಲ್ಲ, ಅಳೂದಿಲ್ಲ, ಹಾಲು ಕೇಳೂದಿಲ್ಲ. ಬರೂ ಕೂಸಿನ ಜಾಗಾದಾಗ ಮೊದಲ ಬಂದು ಮಲಗ್ತೇತಿ. ನಾನರ ಎಂಥಾ ಹುಚ್ಚ, ಗುಂಡಪ್ಪನ ಮ್ಯಾಲ ಸಿಟ್ಟ ಮಾಡಿ ಕುಂತಿದ್ದೆ."

ಅರ್ಧ ಊಟಕ್ಕೇ ಎದ್ದು, ತೊಟ್ಟಿಲಿನ ಧೂಳು ಒರೆಸಿ, ಕುಂಚ ಹಿಡಿದರು. ಹೆಸರಿಗೆಂದು ಬಿಟ್ಟ ಜಾಗದಲ್ಲಿ ಒಂದು ಉರುಟು ಕಲ್ಲು ಬರೆದು ಅದಕ್ಕೆ ಕೆಂಪು ಕುಲಾವಿ ತೊಡಿಸಿದರು. ನಡುಗುವ ಕೈಗೂ ಆ ಉರುಟು ಸಲೀಸಾಗಿ ಬಂತು.

"ರೋಹಿಣಿ, ಆ ಹುಡುಗಿಗೆ ಅರ್ಧಾ ಮಾತ ಸಿಕ್ಕೇತಿ. ಕೂಸು ಮನಿಗೆ ಬಂದ ದಿನ ಗುಂಡಪ್ಪನ್ನ ಹೆಂಗ ಎಬ್ಬಿಸಿ ಕಳಸಬೇಕು, ಅದನ್ನ ನಾವು ಬರದ ಇಲ್ಲ. ಬರಕೋ. ಆಕಿ ಕೇಳೂದರೊಳಗ ಆ ಮಷೀನು ಓದಿರಬೇಕು."

ರೋಹಿಣಿ ಫೋನು ಹಿಡಿದು ಅವರ ಪಕ್ಕದಲ್ಲಿ ಕೂತಳು. "ಹೇಳ್ರಿ ಮಾವಾರ. ಏನಂದು ಕಳಸಬೇಕು?"

"ಎರಡೂ ಕೈಲೆ ಎತ್ತಿ ಹೇಳಬೇಕು," ಎಂದರು ಶಂಕ್ರಪ್ಪ. "ಜಾಗಾ ಕಾದಿಯಪಾ, ನಿನ್ನ ಉಪಕಾರ ಮರಿಯೂದಿಲ್ಲ. ಸ್ವಲ್ಪ ಸರಿ, ನಮ್ಮ ಕೂಸು ಬಂತು."